ತೆರೆಯ ಮೇಲೆ ಕಾಣದ ವಸ್ತಾರೆ

"ನನ್ನ ತವರು ಎಲ್ಲಿ ಹೋಯ್ತೇ?" ಎಂದು ಅಜ್ಜಿ ಕಂಪ್ಯೂಟರಿನ ತೆರೆಯನ್ನು ಬೆರಳಿನಿಂದ ಸವರಿದರು.

ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಾನು 'ಆರ್' ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯಲ್ಲಿ ನಮ್ಮ ಕಡೆಯ ಊರುಗಳ ಮಳೆಯ ಗ್ರಾಫ್ ಬರೆಸುತ್ತಿದ್ದೆ. ಅಷ್ಟು ಹೊತ್ತೂ ತೆರೆಯ ಮೇಲೆ ಅಜ್ಜಿಯ ತವರೂರು 'ವಸ್ತಾರೆ'ಯ ಹೆಸರು ಮೂಡುತ್ತಿತ್ತು. ಅಜ್ಜಿಗೆ ನಾನೇ ಓದಿ ಹೇಳಿದ್ದೆ. ಆದರೆ ಗ್ರಾಫಿನ ತಲೆಬರಹ ಮಾತ್ರ ಖಾಲಿ. ಊರಿನ ಹೆಸರು ಒದಗಿಸಲೆಂದು ನಾನು ಬರೆದಿದ್ದ ಫಂಕ್ಷನ್, ಅಂದರೆ ಆಜ್ಞೆಗಳ ಪುಟ್ಟ ಕಟ್ಟು, ಹೆಸರನ್ನು ತೆರೆಯ ಮೇಲೆ ತೋರಿಸಿ ಅಲ್ಲಿಗೇ ನಿಲ್ಲುತ್ತಿತ್ತು, ಗ್ರಾಫ್ ಬರೆಯುವ ಮುಂದಿನ ಸಾಲಿನ ಕೈಗೆ ಕೊಡುತ್ತಿರಲಿಲ್ಲ. ತೋರಿಸುವ 'ಕ್ಯಾಟ್' ಎಂಬ ಆಜ್ಞೆ ಅಳಿಸಿ, ಕೊಡುವ 'ರಿಟರ್ನ್' ಬರೆದು ಮತ್ತೆ ಓಡಿಸಿದೆ. ಈ ಸಲ ಹೆಸರು ಮೂಡಲಿಲ್ಲ. ಕಿಟಕಿಯಾಚೆ ಕಾಫಿ ಗಿಡಗಳೂ ಮಂಜಿನಲ್ಲಿ ಕಾಣುತ್ತಿರಲಿಲ್ಲ.

"ಎಲ್ಲೂ ಹೋಗಿಲ್ಲ ಅಜ್ಜಿ. ಒಳಗೆ ಇಟ್ಕೊಂಡಿದೆ, ಕಾಣೋದಿಲ್ಲ ಅಷ್ಟೇ."

"ನಾನೂ ಹಂಗೇ ಇಟ್ಕೊಂಡಿದೀನಿ ಮಾರಾಯ್ತಿ," ಎಂದರು ಅಜ್ಜಿ. ಮದುವೆಯಾಗಿ ಕಳಸಕ್ಕೆ ಬಂದ ಅವರು ತವರಿನ ಸುದ್ದಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಗ್ರಾಫ್ ಬರೆಸಿದೆ. ಮಳೆಯ ಗೆರೆಗಳ ನೆತ್ತಿಯ ಮೇಲೆ ವಸ್ತಾರೆ ಬಂದು ನಿಂತಿತು.

ಅಜ್ಜಿ ಈಗಿಲ್ಲ. ಆ ಫಂಕ್ಷನ್ ಓಡಿಸಿದಾಗಲೆಲ್ಲ, ಏನೂ ಕಾಣದ ಆ ಒಂದು ಗಳಿಗೆಯಲ್ಲಿ ನಾನು ಮುಂದಿನ ಸಾಲಿಗೆ ಅವಸರ ಮಾಡುವುದಿಲ್ಲ.