ಕೆಳಗಿನ ಸಣ್ಣಕ್ಷರದ ಸಾಲು

ಬೆಳಗಾವಿಯ ನೆಹರು ನಗರದಲ್ಲಿರುವ ನನ್ನ ಮನೆಗೆ ಬರುವ ಪತ್ರಿಕೆಯ ಮಡಿಕೆಯಿಂದ ಒಮ್ಮೊಮ್ಮೆ ಜಾಹೀರಾತಿನ ಚೀಟಿ ಜಾರಿ ಬೀಳುತ್ತದೆ. ಅದರ ಹಸಿ ಶಾಯಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಖಾನಾಪುರದ ನಮ್ಮ ಹಂಚಿನ ಮನೆ, ಸಗಣಿ ಸಾರಿಸಿದ ಪಡಸಾಲೆ, ಗೋಡೆಗೊರಗಿ ಎಲೆಅಡಿಕೆ ಕುಟ್ಟುತ್ತಿದ್ದ ಆಯಿ ಎಲ್ಲ ಎದ್ದು ಬರುತ್ತವೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಈಗ ಆ ಮನೆಯೂ ಇಲ್ಲ, ಆಯಿಯೂ ಇಲ್ಲ. ನಿಮ್ಮ ಬಾಲ್ಯದ ಮನೆಯೂ ಹೀಗೇ ಯಾವುದೋ ವಾಸನೆಯೊಳಗೆ ಮಾತ್ರ ಉಳಿದಿರಬಹುದು. ನನ್ನ ನೆನಪಿಗೆ ಒಂದಿಷ್ಟು ಭಯವೂ ಅಂಟಿಕೊಂಡಿದೆ.

ಎಪ್ಪತ್ತರ ದಶಕದ ಕೊನೆ. ನಾನಾಗ ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದೆ. ನಂದಗಡದಿಂದ ಬಳೆ ಮಾರಲು ಹಜರಾಬಿ ಬರುತ್ತಿದ್ದಳು. ಗಂಟು ಇಳಿಸಿ, ನನ್ನ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಹಿಡಿದು, ಗೆಣ್ಣು ಗೆಣ್ಣು ಒತ್ತಿ ಮೆತ್ತಗಾಗಿಸುತ್ತಿದ್ದಳು. ಹೇಗೆ ಏರಿಸಿದಳೆಂದು ತಿಳಿಯುವುದರೊಳಗೆ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಬಳೆ ಇಟ್ಟವಳ ಕೈಗೆ ನಮಸ್ಕಾರ ಮಾಡುವುದು ಪದ್ಧತಿ. ಅವ್ವನೂ ಬಾಗಿ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಓಣಿಯ ಪ್ರತಿ ಕಟ್ಟೆಯ ಮೇಲೂ ಕಲ್ಲಿನ ಕೆಳಗೊಂದು ಗುಲಾಬಿ ಚೀಟಿ. ಇಟ್ಟವರನ್ನು ಯಾರೂ ಕಂಡಿರಲಿಲ್ಲ, ನಾಯಿಯೂ ಬೊಗಳಿರಲಿಲ್ಲ. ಶಾಲೆಯಲ್ಲಿ ಓದಿಗೆ ಹೆಸರಾದವಳು ನಾನು, ಹೆಂಗಸರೆಲ್ಲ ನನ್ನ ಸುತ್ತ ನಿಂತರು. ‘ತಾಯಂದಿರೇ, ಎಚ್ಚರ! ಗಂಟು ಹೊತ್ತ ಹೆಂಗಸು ನಿಮ್ಮ ಮಗುವಿನ ಕೈ ಹಿಡಿದಾಳು. ಅವಳು ಹಿಡಿದ ಕೈ ಮತ್ತೆ ಮನೆಗೆ ಬರದು!’ ದನಿ ಏರಿಸಿ, ಇಳಿಸಿ, ನಡುಗಿಸಿ ಓದಿದೆ. ಯಾರೋ ತಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು. ನನಗೋ, ಹೆಮ್ಮೆ. ಊರಲ್ಲಿ ಒಂದು ಮಗುವೂ ಕಳೆದಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನವೇ ಹಜರಾಬಿ ಬಂದಳು. ಓಣಿಯ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಸುಡುಬಿಸಿಲು, ಗಾಳಿಯೂ ನಿಂತಿತ್ತು. ಒಳಗೆ ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಿದ್ದಳು. ಬಳೆಗಳ ಕಿಣಿಕಿಣಿ ನಮ್ಮ ಬಾಗಿಲಿಗೆ ಬಂದು ನಿಂತಿತು. “ಬೇಟಿ, ಮನ್ಯಾಗ ಇದ್ದೀ ಏನವಾ?” ಎಂದು ಮೂರು ಸಲ ಕರೆದಳು. ಯಾವಾಗಲೂ ಕೇಳಿದ ಅದೇ ದನಿ, ಆದರೂ ನಾನು ಓದಿದ ಮಾತೇ ಹೊರಗೆ ನಿಂತು ನನ್ನನ್ನು ಕರೆಯುತ್ತಿದೆ ಅನಿಸಿತು. ಆಮೇಲೆ ಯಾರೋ ಕಲ್ಲು ಬೀಸಿದ ಸಪ್ಪಳ, ಗಾಜು ಒಡೆದ ಸಪ್ಪಳ. ಬಹಳ ಹೊತ್ತಿನವರೆಗೆ ಯಾವ ಬಾಗಿಲೂ ತೆರೆಯಲಿಲ್ಲ.

ಬೆಳಗಾವಿಗೆ ಹೋಗಿದ್ದ ಆಯಿ ಸಂಜೆಯ ಬಸ್ಸಿಗೆ ಬಂದಳು. ಓದು ಬಾರದವಳು, ನಡೆದದ್ದನ್ನೆಲ್ಲ ಕೇಳಿ ಚೀಟಿಯನ್ನು ನನ್ನ ಕೈಗಿಟ್ಟು, “ರಾಗ ಬಿಟ್ಟು ಓದು. ಕಿರಾಣಿ ಚೀಟಿ ಓದಿದಂಗ” ಎಂದಳು. ಹಾಗೆ ಓದಿದರೆ ಅದರಲ್ಲಿ ಜೀವವೇ ಇರಲಿಲ್ಲ.

“ಯಾರ ಕೂಸು ಹೋತಂತ?”

“ಬರದಿಲ್ಲ ಆಯಿ.”

“ನೋಡಿದವರ್ಯಾರು?”

“ಅದೂ ಬರದಿಲ್ಲ.”

“ಕೆಳಗ ಇರಿವಿ ಹರದಂಗ ಐತಲ್ಲ, ಅದೇನು?”

ಬೇಸರದ ಸಾಲೆಂದು ಅದನ್ನು ನಾನು ಬಿಟ್ಟಿದ್ದೆ. ‘ಬಳೆಗಳಿಗೆ ಪೇಟೆಯ ನಮ್ಮ ಹೊಸ ಅಂಗಡಿಗೇ ಬನ್ನಿ.’ ಅವ್ವ ತಲೆ ತಗ್ಗಿಸಿದಳು. “ಹೆದರಿಸಾಂವ ಮದ್ದು ಮಾರಾಕ ಬಂದಿರ್ತಾನ,” ಎಂದಳು ಆಯಿ. ಅಷ್ಟೇ, ಬೈಯಲಿಲ್ಲ.

ಮುಂದಿನ ಸಂತೆಗೆ ನನ್ನನ್ನು ಕರೆದುಕೊಂಡು ನಂದಗಡಕ್ಕೆ ಹೋದಳು. ಹಜರಾಬಿ ಅಂಗಳದಲ್ಲಿ ಸೇಂಗಾ ಸುಲಿಯುತ್ತಿದ್ದಳು. ಹಣೆಯ ಮೇಲೆ ಗಾಯ ಒಣಗಿತ್ತು.

“ತಪ್ಪಾತು ಹಜರಾಬಿ. ಹುಡುಗಿಗಿ ಬಳಿ ಇಡು,” ಎಂದು ಆಯಿ ನನ್ನ ಕೈ ಮುಂದೆ ಮಾಡಿದಳು.

“ಬಳಿ ಒಯ್ಯಿರಿ ಅವ್ವಾರ, ನೀವ ಇಡ್ರಿ. ಕೂಸುಗೋಳ ಕೈ ಹಿಡಿಯೂದು ಬಿಟ್ಟೇನ್ರಿ.”

ನನಗೆ ತಡೆಯಲಾಗಲಿಲ್ಲ. “ಓದಿದಾಕಿ ನಾನ,” ಎಂದು ಅಳುತ್ತ ಹೇಳಿಬಿಟ್ಟೆ.

“ಗೊತ್ತೈತಿ ಬೇಟಿ,” ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. “ಭಾಳ ಚಂದ ಓದಿದಿಯಂತ.”

ನನ್ನ ಕಣ್ಣೊರೆಸಲು ಅವಳ ಕೈ ಒಮ್ಮೆ ಮೇಲೆದ್ದಿತು. ಏನೋ ನೆನಪಾದವಳಂತೆ ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.