ಚರ್ಮ ಮುಟ್ಟದ ಹಾಡು

ಮೊದಲ ಭಾನುವಾರ, ಹಾಡಿನ ಎರಡನೇ ಸಾಲಿಗೇ ನಾನು ಚಪ್ಪಾಳೆ ಶುರುಮಾಡಿದೆ. ನಿಮ್ಮೆಲ್ಲರ ಹಾಗೇ ಧಾರವಾಡದಲ್ಲಿ ಹುಟ್ಟಿ ಬೆಳೆದವಳು ನಾನು. ಹಾಡು ಶುರುವಾದರೆ ಕೈ ತಾನಾಗಿ ಏಳುತ್ತದೆ. ನಾಲ್ಕು ಏಟು ಹಾಕಿರಬೇಕು, ಇಡೀ ಚರ್ಚಿನಲ್ಲಿ ಕೇಳುತ್ತಿರುವುದು ನನ್ನ ಕೈಸದ್ದು ಮಾತ್ರ ಅಂತ ಗೊತ್ತಾಯಿತು. ನಲವತ್ತು ಜನ ಒಮ್ಮೆ ತಿರುಗಿ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಯಾರೂ ಬೈಯಲಿಲ್ಲ, ನಗಲೂ ಇಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಅವಚಿಕೊಂಡು, ಸಣ್ಣ ದನಿಯಲ್ಲಿ ಹಾಡುತ್ತಲೇ ಇದ್ದರು. ಎಲ್ಲಿಗೆ ಬಂದು ಬಿದ್ದೆನಪ್ಪಾ ತಂದೆ ಅನ್ನಿಸಿ ನಾನೂ ಕೈ ಕೆಳಗಿಟ್ಟೆ.

ನಾವು ಇಲ್ಲಿಗೆ ಬಂದದ್ದು ತೊಂಬತ್ತಾರರ ಜೂನಿನಲ್ಲಿ. ಆಲ್ದೂರಿನಿಂದ ಆಚೆ, ಕಾಫಿ ತೋಟಗಳ ನಡುವೆ ಇರುವ ಈ ಸಣ್ಣ ಸಭೆಗೆ ನಮ್ಮವರನ್ನು ಬೋಧಕರನ್ನಾಗಿ ಕಳಿಸಿದ್ದರು. ನಮ್ಮನ್ನು ಎದುರುಗೊಳ್ಳಲು ಬಸ್ಸಿನ ಬಳಿ ಬಂದವರು ಯೋಸೇಫಣ್ಣ, ಸಭೆಯ ಹಿರಿಯರು, ತೋಟದ ಕೂಲಿ. ಟ್ರಂಕನ್ನು ಹೆಗಲಿಗೇರಿಸಿಕೊಂಡು ಅವರು ಮುಂದೆ, ನಾವು ಹಿಂದೆ. ಅರ್ಧ ಗಂಟೆ ಕಾಡಿನಲ್ಲೇ ನಡೆಸಿದರು. ಆಕಾಶ ಕಾಣದ ಕಾಡು, ಕಾಲಿಗೆಲ್ಲ ಜಿಗಣೆ.

"ತ್ವಾಟ ಇನ್ನೂ ಎಷ್ಟ್ ದೂರ ಐತ್ರಿ?" ಅಂದೆ.

ಅವರು ನಿಂತು ನನ್ನ ಮುಖ ನೋಡಿದರು. "ಇದೇ ತೋಟ ಅಮ್ಮೋರೆ. ಆಗ್ಲಿಂದ ತೋಟದೊಳಗೇ ನಡೀತಿದೀವಿ."

ನಮ್ಮ ಕಡೆ ತೋಟವೆಂದರೆ ಬಾವಿ, ಬದನೆಕಾಯಿ, ನಾಲ್ಕು ನಿಂಬೆ ಗಿಡ. ಇಲ್ಲಿ ಮಾವಿನ ಮರಕ್ಕಿಂತ ಎತ್ತರದ ಮರಗಳ ಕೆಳಗೆ ಕಾಫಿ ಬೆಳೆದು ಅದನ್ನು ತೋಟ ಅನ್ನುತ್ತಾರೆ. ಕೂಲಿಯವರ ಸಾಲುಮನೆಗಳಿಗೆ ಲೈನು ಅನ್ನುತ್ತಾರೆ. ಅಲ್ಲಿ ಅಯ್ಯನವರಾಗಿದ್ದ ನಮ್ಮವರು ಇಲ್ಲಿ ಪಾಸ್ಟ್ರು ಆದರು. ಏನು ಕೇಳಿದರೂ ಮೊದಲು "ಎಂಥ?" ಅನ್ನುತ್ತಾರೆ, ಜಗಳಕ್ಕೆ ಬಂದರೋ ಏನೋ ಅಂತ ನಾನು ತಿಂಗಳುಗಟ್ಟಲೆ ಮುಖ ಸಿಂಡರಿಸಿಕೊಂಡೆ. ನನ್ನ ಮಾತು ಕೇಳಿದರೆ ಅವರಿಗೂ ಹಾಗೇ ಅನ್ನಿಸುತ್ತಿತ್ತಂತೆ. "ಅಮ್ಮೋರು ಯಾವಾಗ್ಲೂ ಯಾಕೆ ಸಿಟ್ಟಲ್ಲಿರ್ತಾರೆ?" ಅಂತ ಯೋಸೇಫಣ್ಣನ ಮಗಳು ಮಾರ್ತಾ ನಮ್ಮವರನ್ನು ಗುಟ್ಟಾಗಿ ಕೇಳಿದ್ದಳು.

ಮನೆ ಚರ್ಚಿನ ಹಿಂದೆಯೇ, ಎರಡು ಕೋಣೆ. ಗೋಡೆಗೆ ಕೈಯಿಟ್ಟರೆ ತಣ್ಣಗೆ ಒದ್ದೆ. ಟ್ರಂಕಿನಲ್ಲಿ ತಂದ ಜೋಳದ ಹಿಟ್ಟಿನಿಂದ ಮೊದಲ ದಿನ ರೊಟ್ಟಿ ಬಡಿಯಲು ಕೂತೆ. ಪಟಪಟ ಸದ್ದಿಗೆ ಲೈನಿನ ಹೆಂಗಸರು ನಾಲ್ಕು ಜನ ಓಡಿ ಬಂದರು, ಪಾಸ್ಟ್ರು ಹೆಂಡತಿಗೆ ಹೊಡೆಯುತ್ತಿದ್ದಾರೆ ಅಂದುಕೊಂಡು! ನಕ್ಕೂ ನಕ್ಕೂ ಸಾಕಾಯಿತು. ಅವತ್ತು ಮಾರ್ತಾ ಅಕ್ಕಿ ಕಡುಬು, ಕಳಲೆಯ ಪಲ್ಯ ತಂದುಕೊಟ್ಟಳು. ಎಳೆ ಬಿದಿರನ್ನು ತಿನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹುಳಿ ವಾಸನೆಗೆ ಮೂಗು ಮುಚ್ಚಿಕೊಂಡು ತಿಂದವಳು ಮರುವರ್ಷ ನಾನೇ ಕೇಳಿ ತರಿಸಿಕೊಂಡೆ.

ಆದರೆ ಹಾಡಿಗೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ನಮ್ಮೂರಿನ ಸಭೆ ನಿಮಗೆ ಗೊತ್ತಲ್ಲ: ಹಾರ್ಮೋನಿಯಂ, ತಬಲಾ, ತಾಳ, ಮರದ ಬಳೆಗೆ ಚರ್ಮ ಬಿಗಿದ ದಮ್ಮಡಿ. ಪ್ರಸಂಗಕ್ಕೆ ತೂಕಡಿಸಿದವರೂ ಹಾಡಿಗೆ ಎದ್ದು ಕೂರುತ್ತಾರೆ. ಇಲ್ಲಿ ಯೋಸೇಫಣ್ಣ ಕಣ್ಣು ಮುಚ್ಚಿ ಒಂದು ಸಾಲು ಎತ್ತುವರು, ಉಳಿದವರು ಹಿಂದೆ ಹಿಡಿಯುವರು. ಅವರ ದನಿ ಒಳ್ಳೆಯದೇ. ತಗ್ಗಿನ ಶ್ರುತಿ, ಎಲ್ಲೂ ಜಾರದು. ಆದರೂ ವಾದ್ಯವಿಲ್ಲ, ತಾಳವಿಲ್ಲ. ಹೆಣದ ಮನೆಯಲ್ಲಿ ಕೂತ ಹಾಗೆ ಆಗುತ್ತಿತ್ತು ನನಗೆ. ಮಳೆಗಾಲದ ಆ ಮೊದಲ ಮೂರು ತಿಂಗಳು ಬಾಬೆಲಿಗೆ ಸೆರೆಹೋದವರ ಕೀರ್ತನೆಯನ್ನು ಓದಿ ಓದಿ ಅತ್ತೆ. ಪರದೇಶದ ಹೊಳೆಯ ದಡದಲ್ಲಿ ಕೂತು, ಕಿನ್ನರಿಯನ್ನು ಮರಕ್ಕೆ ನೇತುಹಾಕಿದವಳು ನಾನೇ ಅನ್ನಿಸುತ್ತಿತ್ತು.

"ಚಪ್ಪಾಳಿ ಯಾಕ ತಟ್ಟಂಗಿಲ್ಲ ನೀವು?" ಅಂತ ಮಾರ್ತಾಳನ್ನು ಕೇಳಿದೆ.

"ನಮ್ಮಲ್ಲಿ ಆಗಲ್ಲ ಅಮ್ಮೋರೆ," ಅಂದಳು.

"ಯಾಕ ಆಗಂಗಿಲ್ಲ?"

"ಆಗಲ್ಲ ಅಷ್ಟೆ."

ಯಾರನ್ನು ಕೇಳಿದರೂ ಇದೇ ಉತ್ತರ. ಯಾವನೋ ಹಳೆಯ ಪಾದ್ರಿ ವಾದ್ಯ ಪಾಪವೆಂದು ಹೆದರಿಸಿ ಹೋಗಿರಬೇಕು, ಪಾಪ, ಓದು ಬರಹವಿಲ್ಲದ ಜನ, ಹಾಗೇ ಉಳಿದಿದ್ದಾರೆ ಅಂತ ನಾನೇ ತೀರ್ಮಾನಿಸಿಕೊಂಡೆ. "ಸುಮ್ಮನೆ ಒಂದೆರಡು ವರ್ಷ ನೋಡು. ಅವರ ಪದ್ಧತಿ ಅವರಿಗೆ," ಅಂದರು ನಮ್ಮವರು. ಸುಮ್ಮನಿರುವ ಜಾಯಮಾನ ನನ್ನದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೆಂಗಸರ ಕೂಟದಲ್ಲಿ ಬೈಬಲ್ ತೆರೆದು ಪಾಠ ಶುರುಮಾಡಿದೆ. ಸಮುದ್ರ ದಾಟಿದ ಕೂಡಲೇ ಮಿರ್ಯಾಮಳು ಮಾಡಿದ್ದೇನು? ದಮ್ಮಡಿ ಹಿಡಿದು ಕುಣಿದಳು. ದಾವೀದ ಅರಸ ದೇವರ ಮಂಜೂಷದ ಮುಂದೆ ಮೈಮರೆತು ಕುಣಿದ. ಹಾಡುವುದಕ್ಕೆಂದೇ ದೇವರ ಸೇವೆಯ ಲೇವಿಯರನ್ನು ಹೆಸರು ಹಿಡಿದು ನೇಮಿಸಿದ. ಅವರಿಗೆ ಬೇರೆ ಕೆಲಸವೇ ಇರಲಿಲ್ಲ. ಯೆಹೋಷಾಫಾಟ ಅರಸನಂತೂ ಯುದ್ಧಕ್ಕೆ ಹೋಗುವಾಗ ಸೈನಿಕರ ಮುಂದೆ ಹಾಡುಗಾರರನ್ನು ನಿಲ್ಲಿಸಿದ. ಕೀರ್ತನೆಗಳ ಕೊನೆಯದರಲ್ಲಿ ವಾದ್ಯಗಳ ಪಟ್ಟಿಯೇ ಇದೆ. ಹಾಡು ಆರಾಧನೆಗೆ ಹಾಕಿದ ಒಗ್ಗರಣೆಯಲ್ಲ, ಅದೇ ಆರಾಧನೆ ಅಂದೆ. ಹೆಂಗಸರು ತಲೆಯಾಡಿಸಿದರು. ಮಾರ್ತಾ ಹಾರ್ಮೋನಿಯಂ ಕಲಿಯಲು ಒಪ್ಪಿದಳು. ಅದು ನನ್ನ ಮೊದಲ ಗೆಲುವು. ಊರಿಗೆ ಉದ್ದದ ಕಾಗದ ಬರೆದೆ.

ಎರಡನೆಯ ವರ್ಷದ ಕ್ರಿಸ್‌ಮಸ್ಸಿಗೆ ನನ್ನ ತಮ್ಮನಿಗೆ ಹೇಳಿ ಧಾರವಾಡದಿಂದ ಒಂದು ದಮ್ಮಡಿ ತರಿಸಿದೆ. ಅದನ್ನು ನೋಡಿ ಯೋಸೇಫಣ್ಣ ಎರಡು ಹೆಜ್ಜೆ ಹಿಂದೆ ಸರಿದರು.

"ತಮಟೆ ಅಲ್ವಾ ಅಮ್ಮೋರೆ ಇದು?"

"ತಮಟಿ ಅಲ್ರಿ, ದಮ್ಮಡಿ. ಬೈಬಲ್ಲಿನಾಗ ಇರೋದು."

"ಹೆಸ್ರು ಬೇರೆ, ಚರ್ಮ ಒಂದೇ," ಅಂದರು. "ನಂಗೆ ಕೈ ಬಿಟ್ಟು ಹೋಗೈತೆ. ಬ್ಯಾಡ ಬಿಡಿ."

ಕೈ ಬಿಟ್ಟುಹೋಗಿದೆ ಅಂದರೆ ಹಿಂದೆ ಬಾರಿಸುತ್ತಿದ್ದರು ಅಂತಾಯಿತಲ್ಲ! ನಾನು ಬಿಡಲಿಲ್ಲ. ಭಾನುವಾರ ಎಲ್ಲರೆದುರೇ, "ಈ ಸಲ ಕ್ರಿಸ್‌ಮಸ್ಸಿಗೆ ಯೋಸೇಫಣ್ಣ ದಮ್ಮಡಿ ಬಾರಿಸ್ತಾರ," ಅಂದುಬಿಟ್ಟೆ. ಪಾಸ್ಟ್ರ ಹೆಂಡತಿಯ ಮಾತನ್ನು ಸಭೆಯ ಮುಂದೆ ತೆಗೆದುಹಾಕುವ ಮನುಷ್ಯರಲ್ಲ ಅವರು. ಅದೂ ನನಗೆ ಗೊತ್ತಿತ್ತು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಅವರು ಒಲೆಯ ಮುಂದೆ ಕೂತು ದಮ್ಮಡಿಯನ್ನು ಕಾಯಿಸಿದರು. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಕಾಯಿಸಿದರು. ಆಮೇಲೆ ಬಾರಿಸಿದರಲ್ಲ, ಏನು ಹೇಳಲಿ! ನಮ್ಮೂರಿನ ಯಾವ ಭಜನೆಯಲ್ಲೂ ನಾನು ಅಂಥ ಕೈ ಕೇಳಿಲ್ಲ. ಮುದುಕಿಯರು ಸೆರಗು ಕಣ್ಣಿಗೊತ್ತಿಕೊಂಡು ಅಳುತ್ತಿದ್ದರು. ಸಂತೋಷಕ್ಕೆ ಅಳುತ್ತಿದ್ದಾರೆ ಅಂದುಕೊಂಡೆ ನಾನು.

ಹಬ್ಬದ ದಿನ ಪಟೇಲರು ಬಂದು ಚಹಾ ಕುಡಿದು ಹೋಗುವುದು ರೂಢಿ. ಲೈನು ಇರುವುದು ಅವರ ತೋಟದಲ್ಲೇ. ನಮ್ಮ ಸಭೆಯವರೆಲ್ಲ ಅವರಲ್ಲೇ ಕೆಲಸಕ್ಕಿದ್ದರು. ಮೆದು ಮಾತಿನ ಮನುಷ್ಯ, ಒಂದು ದಿನವೂ ದನಿ ಎತ್ತಿದವರಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಟ್ಟೆವು.

"ಎಂಥ ಚೆನ್ನಾಗಿ ಬಾರಿಸ್ದ ಮಾರಾಯ್ರೆ," ಅಂದರು ಪಟೇಲರು. "ಅಲ್ಲಮ್ಮ, ನಿಮ್ಮ ಮತದಲ್ಲಿ ಚರ್ಮದ ವಾದ್ಯ ಮುಟ್ಟಂಗಿಲ್ಲ ಅಂತ ಇವ್ರೆಲ್ಲ ಇಪ್ಪತ್ತು ವರ್ಷದಿಂದ ಹೇಳ್ತಿದ್ರಲ್ಲ? ಈಗ ಆಗ್ತದಾ?"

ಸಾಕ್ಷಿ ನುಡಿಯುವ ಅವಕಾಶ ಸಿಕ್ಕಿತೆಂದು ಹಿಗ್ಗಿಹೋದೆ. "ಯಾರ್ ಹೇಳಿದ್ರಿ ನಿಮಗ? ಬೈಬಲ್ಲಿನಾಗ ಎಷ್ಟ್ ಕಡೆ ದಮ್ಮಡಿ ಐತಿ ಗೊತ್ತೇನ್ರಿ?" ಅಂತ ಮಿರ್ಯಾಮಳಿಂದ ಹಿಡಿದು ಎಲ್ಲ ಹೇಳಿದೆ.

"ಹಂಗಾದ್ರೆ ಆಗ್ತದೆ ಅಂತಾಯ್ತು," ಅಂದರು ಪಟೇಲರು ಲೋಟ ಕೆಳಗಿಡುತ್ತ. "ಒಳ್ಳೇದಾಯ್ತು ಬಿಡಿ."

ಯೋಸೇಫಣ್ಣ ಹಿಂದೆಯೇ ನಿಂತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಬೆಳಗಿನಿಂದ ಉಪವಾಸ, ಅದಕ್ಕೆ ಅಂದುಕೊಂಡು ಎರಡು ಹೋಳಿಗೆ ಹೆಚ್ಚಿಗೆ ಹಾಕಿದೆ.

ಫೆಬ್ರವರಿಯಲ್ಲಿ ಪಟೇಲರ ತಾಯಿ ತೀರಿಕೊಂಡರು. ಕೊಯ್ಲು ಮುಗಿದು ಕಣದ ತುಂಬ ಕಾಫಿ ಒಣಗುತ್ತಿದ್ದ ದಿನಗಳು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಮಾರ್ತಾಳಿಗೆ ಹಾರ್ಮೋನಿಯಂ ಹೇಳಿಕೊಡುತ್ತ ಯೋಸೇಫಣ್ಣನ ಮನೆಯಲ್ಲೇ ಕೂತಿದ್ದೆ. ಪಟೇಲರ ಮನೆಯಿಂದ ಇಬ್ಬರು ಬಂದು ಅಂಗಳದಲ್ಲಿ ನಿಂತರು.

"ಬೆಳ್ಯಾ, ದೊಡ್ಡಮ್ಮೋರು ಹೋದ್ರು. ತಮಟೆ ತಗೊಂಡು ಬಾ."

ಬೆಳ್ಯ ಯಾರೆಂದು ನನಗೆ ತಿಳಿಯಲಿಲ್ಲ. ಯೋಸೇಫಣ್ಣ ಎದ್ದು ನಿಂತಾಗ ತಿಳಿಯಿತು. ದೀಕ್ಷಾಸ್ನಾನಕ್ಕೆ ಮೊದಲಿನ ಅವರ ಹೆಸರದು.

"ನಮ್ಮಲ್ಲಿ ಆಗಲ್ಲ ಸ್ವಾಮಿ," ಅಂದರು ಅವರು.

"ಆಗ್ತದೆ ಅಂತ ನಿಮ್ಮ ಅಮ್ಮೋರೇ ಹೇಳಿದಾರಲ್ಲ, ಬೈಬಲ್ಲಲ್ಲೇ ಐತಂತೆ. ಕ್ರಿಸ್‌ಮಸ್ಸಿಗೆ ಬಾರಿಸೋನು ಹೆಣಕ್ಕೆ ಬಾರ್ಸಲ್ವ?"

ಯೋಸೇಫಣ್ಣ ನನ್ನ ಕಡೆ ನೋಡಿದರು. ನಾನು ಏನಾದರೂ ಅನ್ನಬೇಕಿತ್ತು. ಹಾರ್ಮೋನಿಯಂ ತಿದಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ. ಅವರು ಒಳಗೆ ಹೋಗಿ, ನಾನು ತರಿಸಿಕೊಟ್ಟ ದಮ್ಮಡಿಯನ್ನೇ ಹಿಡಿದು ಹೊರಟರು. ಆಮೇಲೆ ಇಡೀ ಗುಡ್ಡಕ್ಕೆ ಕೇಳುವ ಹಾಗೆ ಬಾರಿಸುತ್ತ ಹೆಣದ ಮುಂದೆ ನಡೆದರು.

ಅವರು ಹೋದ ಮೇಲೆ ಮಾರ್ತಾ ಹೇಳಿದಳು, ನನ್ನ ಮುಖ ನೋಡದೆ. ಅವರ ಅಜ್ಜ, ಮುತ್ತಜ್ಜ ಎಲ್ಲರೂ ಊರಿನವರ ಹೆಣದ ಮುಂದೆ ತಮಟೆ ಬಾರಿಸಿದವರೇ. ಕರೆದಾಗ ಹೋಗಬೇಕು, ಹೊರಗೆ ನಿಲ್ಲಬೇಕು, ಹಾಕಿದ್ದನ್ನು ಉಣ್ಣಬೇಕು. ದೀಕ್ಷೆ ತೆಗೆದುಕೊಂಡ ದಿನವೇ ಲೈನಿನವರೆಲ್ಲ ಕೂಡಿ ತಮಟೆಗಳನ್ನು ಸುಟ್ಟರು. ಒಡೆಯರ ಮುಖಕ್ಕೆ ಒಲ್ಲೆ ಅನ್ನಲು ಧೈರ್ಯ ಸಾಲದೆ, ನಮ್ಮ ಮತದಲ್ಲಿ ಚರ್ಮ ಮುಟ್ಟುವಂತಿಲ್ಲ ಅಂತ ಒಂದು ಮಾತು ಹುಟ್ಟಿಸಿಕೊಂಡರು. ಒಡೆಯರೂ ನಂಬಿದರು. ಚಪ್ಪಾಳೆ ತಟ್ಟಿದರೂ ತಮಟೆಯ ಕೈ ಮರೆತಿಲ್ಲವೆನ್ನುವ ಅನುಮಾನ ಬಂದೀತೆಂದು ಕೈ ಕಟ್ಟಿಕೊಂಡು ಹಾಡಿದರು. ಆ ಒಂದು ಸುಳ್ಳಿನ ಆಸರೆಯಲ್ಲಿ ಇಪ್ಪತ್ತು ವರ್ಷ ತಲೆಯೆತ್ತಿ ಬದುಕಿದ್ದರು. ನಾನು ಬಂದು ಅದನ್ನು ಬೈಬಲ್ ತೆರೆದು ಕಿತ್ತುಹಾಕಿದೆ.

ನಮ್ಮ ಮನೆತನದ ಮುತ್ತಜ್ಜನೂ ಏನು ಬಾರಿಸುತ್ತಿದ್ದನೋ ಯಾರಿಗೆ ಗೊತ್ತು! ಮೂರು ತಲೆಮಾರಿನ ಓದಿನಲ್ಲಿ ನಾವು ಅದನ್ನೆಲ್ಲ ಮರೆತು, ದಮ್ಮಡಿಯನ್ನು ಬರೀ ವಾದ್ಯ ಅಂದುಕೊಂಡೆವು.

ಆಮೇಲೆ ಕರೆಗಳು ನಿಲ್ಲಲಿಲ್ಲ. ಒಬ್ಬರಿಗೆ ಹೋದಮೇಲೆ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ? ಊರಿನವರ ಬಾಯಲ್ಲಿ ಯೋಸೇಫ ಹೋಗಿ ಬೆಳ್ಯ ಉಳಿಯಿತು. ಅವರು ಚರ್ಚಿಗೆ ಬರುವುದನ್ನು ಬಿಡಲಿಲ್ಲ, ಆದರೆ ಹಾಡು ಎತ್ತುವುದನ್ನು ಬಿಟ್ಟರು. ಕೊನೆಯ ಸಾಲಿನಲ್ಲಿ ಕೂತು ಎದ್ದು ಹೋಗುವರು. ಮಾರ್ತಾ ಹಾರ್ಮೋನಿಯಂ ಮುಟ್ಟಲಿಲ್ಲ. ಲೈನಿನಿಂದ ಕಡುಬೂ ಬರಲಿಲ್ಲ.

ತಡೆಯಲಾರದೆ ಒಂದು ಮಧ್ಯಾಹ್ನ ಕ್ಷಮೆ ಕೇಳಲು ಹೋದೆ. ಯೋಸೇಫಣ್ಣ ಜಗಲಿಯಲ್ಲಿ ಕೂತು ಗಿಡ ಸವರುವ ಕತ್ತಿ ಮಸೆಯುತ್ತಿದ್ದರು. ನಾನು ಅಳುತ್ತ ಏನೇನೋ ಅಂದೆ. ಅವರು ಕೇಳಿಸಿಕೊಂಡರು.

"ಬಾಬೆಲಿಗೆ ಹೋದೋರು ಕಿನ್ನರಿ ಮರಕ್ಕೆ ಹಾಕಿದ್ರು ಅಂತ ಓದ್ತೀರಲ್ಲ ಅಮ್ಮೋರೆ," ಅಂದರು. "ಅವ್ರಿಗೆ ಹಾಡಿ ಅಂತ ಹೇಳಿದ್ಯಾರು?"

ಹಾಡಿ ಅಂತ ಕೇಳಿದವರು ಸೆರೆಹಿಡಿದವರೇ. ಅಷ್ಟು ಸಲ ಓದಿ ಅತ್ತವಳು ಆ ಸಾಲನ್ನು ನೋಡಿಯೇ ಇರಲಿಲ್ಲ.

"ನೀವು ಕೆಟ್ಟೋರಲ್ಲ ಬಿಡಿ," ಅಂದು ಅವರು ಮತ್ತೆ ಕತ್ತಿ ಮಸೆಯತೊಡಗಿದರು. ಅದಕ್ಕಿಂತ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ಸಲ ನಮಗೆ ವರ್ಗದ ಅವಕಾಶ ಬಂತು. ನಮ್ಮವರು ಹೊರಡೋಣ ಅಂದರು. ನಾನೇ ಒಲ್ಲೆ ಅಂದೆ. ಮಾಡಿದ್ದನ್ನು ಬಿಟ್ಟು ಓಡಿಹೋಗುವುದು ಆಗಲಿಲ್ಲ, ಇದ್ದು ಸರಿಮಾಡುವುದೂ ಆಗಲಿಲ್ಲ. ರಜೆಗೆ ಧಾರವಾಡಕ್ಕೆ ಬಂದಾಗ ನೀವೆಲ್ಲ ದಮ್ಮಡಿ ಬಾರಿಸುತ್ತ ಹಾಡುತ್ತಿದ್ದಿರಿ. ನನಗೆ ಹೆಣದ ಮುಂದೆ ನಡೆಯುತ್ತಿದ್ದ ಒಬ್ಬ ಮನುಷ್ಯನ ಬೆನ್ನು ಕಾಣುತ್ತಿತ್ತು. ತಲೆನೋವೆಂದು ಎದ್ದು ಹೊರಗೆ ಬಂದೆ. "ಮಲೆನಾಡಿಗೆ ಹೋಗಿ ಅಕ್ಕ ಮಂಕಾಗ್ಯಾಳ," ಅಂತ ಯಾರೋ ಅಂದದ್ದು ಕೇಳಿಸಿತು.

ಎರಡು ಸಾವಿರದ ನಾಲ್ಕರ ಮಳೆಗಾಲ ಕಳೆದ ಮೇಲೆ ಯೋಸೇಫಣ್ಣ ತೀರಿಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ಗೋರಿಯ ಬಳಿ ಎಲ್ಲರೂ ಸೇರಿದ್ದೆವು. ಪಟೇಲರು ಮುಪ್ಪಾಗಿದ್ದರು, ಅವರ ಪರವಾಗಿ ಮಗ ಬಂದಿದ್ದ. ಜೊತೆಯಲ್ಲಿ ಬೇರೆ ಊರಿನ ಇಬ್ಬರು ತಮಟೆಯವರು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ನಮ್ಮ ಮನೆಗೆ ಇಷ್ಟು ಮಾಡಿದ ಮನುಷ್ಯ," ಅಂದ. "ಮರ್ಯಾದೆಯಿಂದ ಬಾರಿಸ್ಕೊಂಡೇ ಕಳಿಸಿಕೊಡುವ."

ಮಾರ್ತಾ ಪೆಟ್ಟಿಗೆಯ ಪಕ್ಕದಿಂದ ಎದ್ದಳು. "ಬ್ಯಾಡ ಸ್ವಾಮಿ. ನಮ್ಮಲ್ಲಿ ಆಗಲ್ಲ."

ಅವನು ಗಲಿಬಿಲಿಗೊಂಡು ನನ್ನ ಕಡೆ ತಿರುಗಿದ. "ಆಗ್ತದೆ ಅಂತ ನೀವೇ ಅಪ್ಪನ ಹತ್ರ ಹೇಳಿದ್ರಂತಲ್ಲ ಅಮ್ಮ? ಬೈಬಲ್ಲಲ್ಲಿ ಐತಲ್ವಾ?"

ಲೈನಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬೈಬಲ್ ನನ್ನ ಕೈಯಲ್ಲೇ ಇತ್ತು.

"ಇಲ್ಲಪ್ಪ," ಅಂದೆ. "ನಾ ತಪ್ಪು ಹೇಳಿದ್ದೆ. ನಮ್ಮಲ್ಲಿ ಆಗಂಗಿಲ್ಲ."

ಅವನು ತಲೆಯಾಡಿಸಿ ತಮಟೆಯವರನ್ನು ಕಳಿಸಿಬಿಟ್ಟ. ಎಷ್ಟು ಸುಲಭವಾಗಿ ಹೋದರು! ಮಾರ್ತಾ ಕೈ ಕಟ್ಟಿಕೊಂಡು, ಅಪ್ಪನದೇ ತಗ್ಗಿನ ಶ್ರುತಿಯಲ್ಲಿ ಹಾಡು ಎತ್ತಿದಳು. ನನ್ನ ಪಕ್ಕದ ಮುದುಕಿ ಸ್ವಲ್ಪ ಸರಿದು ಜಾಗ ಕೊಟ್ಟಳು. ನಿಮ್ಮ ಊರಿನವಳೇ ನಾನು, ನಿಮ್ಮಲ್ಲಿ ಆಗುವುದೆಲ್ಲ ನನ್ನಲ್ಲೂ ಆಗುತ್ತಿತ್ತು. ಆದರೂ ಇವರ ನಡುವೆ ನಿಂತು ನಮ್ಮಲ್ಲಿ ಅನ್ನಲು ನನಗೆ ಎಂಟು ವರ್ಷ ಹಿಡಿಯಿತು. ಅದನ್ನು ಕೇಳಬೇಕಾಗಿದ್ದವರು ಪೆಟ್ಟಿಗೆಯೊಳಗಿದ್ದರು.