ಸದ್ದಿಲ್ಲದೆ ಇಟ್ಟ ಲೋಟ

ಸ್ಟೀಲ್ ಲೋಟವನ್ನು ಮೇಜಿನ ಮೇಲಿಟ್ಟರೆ ಟಣ್ ಎನ್ನಬೇಕು. ಅನ್ನದೆ ಹೋದಾಗ ನನ್ನ ಬೆನ್ನಿನಲ್ಲಿ ಏನೋ ಹರಿದಾಡುತ್ತದೆ. ದೆವ್ವ ಭೂತಗಳನ್ನು ನಂಬುವವಳಲ್ಲ ನಾನು. ನಂಬುವವರ ಎದುರು ವೇದಿಕೆಯಲ್ಲಿ ನಿಂತು ವಾದಿಸಿ ಬಹುಮಾನ ತಂದವಳು. ಆದರೂ ಯಾರಾದರೂ ಕಾಫಿ ಮುಗಿಸಿ ಲೋಟವನ್ನು ತೀರಾ ಮೆಲ್ಲಗೆ ಇಟ್ಟರೆ ಸಾಕು, ಸ್ವೀಡನ್ನಿನ ಮೋಲ್ನ್‌ಡಾಲ್‌ನ ಮೂರನೇ ಮಹಡಿಯ ನಮ್ಮ ಅಡುಗೆಮನೆ ಎದ್ದು ಬರುತ್ತದೆ: ಒಗ್ಗರಣೆಯ ಇಂಗು, ಹೀಟರಿನ ಮೇಲೆ ಒಣಹಾಕಿದ ಉಣ್ಣೆಯ ಕೈಗವಸು, ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಬರುವ ಆರ್ಥರ್ ಅಜ್ಜನ ಕೆಮ್ಮು. ನಿಮಗೂ ಅಂಥದೊಂದು ಅಡುಗೆಮನೆ ಇದ್ದೀತು, ಈಗ ಬೇರೆ ಯಾರೋ ಅಡುಗೆ ಮಾಡುತ್ತಿರುವಂಥದ್ದು.

ಜನ ವಿಡಿಯೊ ಕ್ಯಾಸೆಟ್ಟುಗಳನ್ನು ಕಸಕ್ಕೆ ಹಾಕಿ ಡಿವಿಡಿಗೆ ಹೊರಳುತ್ತಿದ್ದ ವರ್ಷಗಳು. ಆರ್ಥರ್ ಅಜ್ಜ ಇಂಗ್ಲೆಂಡಿನ ಸಿನಿಮಾ ನಟ. ಒಂದು ಕಾಲಕ್ಕೆ ಪೋಸ್ಟರಿನಲ್ಲಿ ಅವರ ಮುಖವೇ ಅರ್ಧ ಗೋಡೆ ತುಂಬುತ್ತಿತ್ತಂತೆ. ಆಮೇಲೆ ಕುಡಿತ, ಹೊಡೆದಾಟ, ಮುರಿದ ಎರಡು ಮದುವೆ. ಚಿತ್ರೀಕರಣಕ್ಕೆ ಬರುತ್ತಾರೆಂಬ ಭರವಸೆ ಯಾರಿಗೂ ಉಳಿಯದೆ ನಾಯಕನ ಪಾತ್ರ ಹೋಗಿ ಖಳನ ಪಾತ್ರ, ಅದೂ ಹೋಗಿ ಮೂಲೆಯಲ್ಲಿ ಕೂತ ಕುಡುಕನ ಪಾತ್ರ. ಪಕ್ಕದ ಗೋಥೆನ್‌ಬರ್ಗಿಗೆ ಯಾವುದೋ ಚಿತ್ರೀಕರಣಕ್ಕೆ ಬಂದಾಗ ಮೇಕಪ್ ಮಾಡುತ್ತಿದ್ದ ಗುನಿಲ್ಲಾ ಅವರನ್ನು ಮದುವೆಯಾಗಿ ಇಲ್ಲೇ ನಿಂತರು. ಗುನಿಲ್ಲಾ ಹಾಕಿದ್ದು ಒಂದೇ ಷರತ್ತು: ಇನ್ನೊಂದು ಗುಟುಕು ಕುಡಿದರೆ ಆ ಕ್ಷಣವೇ ಮನೆ ಬಿಟ್ಟು ಹೋಗುತ್ತೇನೆ. ನಾವು ಆ ಕಟ್ಟಡಕ್ಕೆ ಬರುವ ಹೊತ್ತಿಗೆ ಅಜ್ಜ ನಾಲ್ಕು ವರ್ಷದಿಂದ ಮಾತು ಉಳಿಸಿಕೊಂಡಿದ್ದರು.

ಔಷಧ ಕಂಪನಿಯಲ್ಲಿ ಸಂಶೋಧಕಿಯಾಗಿದ್ದ ಅಮ್ಮ ಶನಿವಾರದ ಫೀಕಾಗೆ, ಅಂದರೆ ಸಂಜೆಯ ಕಾಫಿ ತಿಂಡಿಗೆ, ಗೋಳಿಬಜೆ ಕರಿಯುತ್ತಿದ್ದಳು. ಅದರ ಆಸೆಗೆ ಇಬ್ಬರೂ ಮೇಲೆ ಬರುತ್ತಿದ್ದರು. ಮತ್ತೆ ಬಡಿಸಲು ಹೋದರೆ ಅಜ್ಜ ಅಮ್ಮನೇ ಕಲಿಸಿದ್ದ "ಸಾಕು, ಬೇಡ" ಎರಡನ್ನೂ ಹೇಳಿ ತಟ್ಟೆ ಮುಂದೆ ಹಿಡಿಯುತ್ತಿದ್ದರು. ನನ್ನನ್ನು ಕಂಡರೆ, "ಏನು ಲಾಯರಮ್ಮ, ಇವತ್ತು ಯಾರ ಮೇಲೆ ಕೇಸು?" ಕೇಳುತ್ತಿದ್ದುದು ಇಂಗ್ಲಿಷಿನಲ್ಲಿ; ನೆನಪಿನಲ್ಲಿ ಕನ್ನಡವಾಗಿಬಿಟ್ಟಿದೆ. ನನಗಾಗ ಹತ್ತು ವರ್ಷ, ಪುರಾವೆ ಇಲ್ಲದೆ ಏನನ್ನೂ ಒಪ್ಪುತ್ತಿರಲಿಲ್ಲ. ಕುಡುಕನ ಪಾತ್ರ ಮಾಡುವಾಗ ನಿಜವಾಗಿ ಕುಡಿದಿರುತ್ತಿದ್ದಿರಾ ಎಂದು ಒಮ್ಮೆ ಕೇಳಿದೆ. "ನಿಜವಾಗಿ ಕುಡಿದಾಗ ಪಾದ್ರಿಯ ಪಾತ್ರ ಮಾಡ್ತಿದ್ದೆ," ಅಂದರು. ಆಮೇಲೆ ಆ ಆಳವಾದ ದನಿಯನ್ನು ತಗ್ಗಿಸಿ ಗುಟ್ಟು ಹೇಳಿಕೊಟ್ಟರು. "ತೂರಾಡುವವನು ಕೆಟ್ಟ ನಟ. ಕುಡಿದವನನ್ನು ಹಿಡಿಯಬೇಕಾದರೆ ಅವನ ಕೈ ನೋಡು. ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಗ್ಲಾಸು ಇಡ್ತಾನೆ."

ಆ ಶನಿವಾರ ಅಜ್ಜ ತಡವಾಗಿ ಬಂದರು. ಕೇಸಿನ ಮಾತೆತ್ತಲಿಲ್ಲ, ಗೋಳಿಬಜೆ ಮುಟ್ಟಲಿಲ್ಲ. ಪದಗಳನ್ನು ಒಂದೊಂದಾಗಿ ಹೆಕ್ಕಿ ಆಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೇ ಕಣ್ಣು ನೆಟ್ಟು, ಒಂದಿಷ್ಟೂ ಸದ್ದಾಗದಂತೆ ಇಟ್ಟರು. ನನಗೆ ಎಂಥ ಖುಷಿ. "ಅಜ್ಜ ಕುಡಿದಿದ್ದಾರೆ," ಎಂದು ಗುನಿಲ್ಲಾಗೆ ಸ್ವೀಡಿಷಿನಲ್ಲಿ ಹೇಳಿದೆ. ತಡವಾದದ್ದು, ಮಾತು, ಕೈ, ಎಲ್ಲವನ್ನೂ ಬೆರಳು ಮಡಿಸಿ ಎಣಿಸಿದೆ. "ಪುಟ್ಟಿ, ಸುಮ್ನಿರು," ಅಂದಳು ಅಮ್ಮ. "ಅವಳು ಹೇಳೋದ್ರಲ್ಲಿ ಪಾಯಿಂಟ್ ಇದೆ ಮಾರಾಯ್ತಿ," ಅಂದರು ಅಪ್ಪ, ಅರ್ಧ ನಗುತ್ತ. ಅಜ್ಜ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ಇಲ್ಲ, ಪುಟ್ಟಿ. ಇಲ್ಲ," ಅಂದರು. ನಾಲಗೆ ದಪ್ಪವಾಗಿತ್ತು. ಅದನ್ನೂ ಪುರಾವೆಗೆ ಸೇರಿಸಿಕೊಂಡೆ. ಗುನಿಲ್ಲಾ ಕೋಟು ಹಾಕಿಕೊಂಡು ತಂಗಿಯ ಮನೆಗೆ ಹೊರಟುಹೋದರು. ಅಜ್ಜ ಗೋಡೆ ಹಿಡಿದುಕೊಂಡು ಒಬ್ಬರೇ ಕೆಳಗಿಳಿದರು. ಮಲಗಿ ಎದ್ದರೆ ಸರಿಹೋಗುತ್ತಾರೆ ಅಂದುಕೊಂಡೆವು.

ಮರುದಿನ ಮಧ್ಯಾಹ್ನ ಮನಸ್ಸು ತಡೆಯದೆ ಗುನಿಲ್ಲಾ ಹಿಂದಿರುಗಿದಾಗ ಅಜ್ಜ ನೆಲದ ಮೇಲೆ ಬಿದ್ದಿದ್ದರು. ಪಾರ್ಶ್ವವಾಯು. ಶನಿವಾರ ಸಂಜೆಯೇ ಶುರುವಾಗಿರಬೇಕು, ಆಗಲೇ ಕರೆತಂದಿದ್ದರೆ, ಅಂದರಂತೆ ವೈದ್ಯರು. ಗುನಿಲ್ಲಾ ಮನೆಯೆಲ್ಲ ತಡಕಿದರು. ಒಂದು ಬಾಟಲಿಯೂ ಸಿಗಲಿಲ್ಲ.

ಅಜ್ಜ ಮಾತಿಲ್ಲದೆ ಇನ್ನೊಂದು ವರ್ಷ ಬದುಕಿದ್ದರು. ಗುನಿಲ್ಲಾ ಚಮಚದಲ್ಲಿ ಉಣಿಸುವಾಗ ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಆಮೇಲೆ ಅಜ್ಜ ತೀರಿಹೋದರು, ಗುನಿಲ್ಲಾ ಮನೆ ಮಾರಿದರು, ನಾವು ಅಪ್ಪನ ಕೆಲಸಕ್ಕೆಂದು ಓರೆಬ್ರೂ ಸೇರಿದೆವು. "ದೊಡ್ಡವರು ಮೂರು ಜನ ಕೂತಿದ್ವಿ. ಅದರಲ್ಲಿ ನಾನು ಔಷಧದ ಕೆಲಸದವಳು. ನಿನ್ನದೇನು ತಪ್ಪು?" ಅನ್ನುತ್ತಾಳೆ ಅಮ್ಮ ಈಗಲೂ. ವಾದದಲ್ಲಿ ಲೋಪ ಹುಡುಕಿದ್ದೇನೆ, ಸಿಕ್ಕಿಲ್ಲ. ಆದರೆ ಅಜ್ಜ ಅಂದು ಇಲ್ಲ ಎಂದದ್ದು ಆ ಮೂವರಿಗಲ್ಲ, ನನಗೆ. ಅದೂ ನನ್ನ ಭಾಷೆಯಲ್ಲಿ.

ಮನೆ ಖಾಲಿ ಮಾಡುವಾಗ ಗುನಿಲ್ಲಾ ಕೊಟ್ಟ ಒಂದು ಡಿವಿಡಿ ನನ್ನ ಬಳಿ ಇದೆ. ಬಂದರಿನ ಹೋಟೆಲಿನ ಮೂಲೆಯಲ್ಲಿ ಒಬ್ಬ ಕುಡುಕ, ಒಂದೇ ನಿಮಿಷದ ಪಾತ್ರ. ಪಕ್ಕದವನು ತನ್ನಷ್ಟಕ್ಕೆ ಹರಟುತ್ತಿರುತ್ತಾನೆ. ಅಜ್ಜ ಗ್ಲಾಸನ್ನು ನಿದ್ದೆಯ ಮಗುವಿನಂತೆ ಮೇಜಿನತ್ತ ಇಳಿಸುತ್ತಾರೆ. ಎಷ್ಟು ಸಲ ಹಾಕಿದರೂ ಅದು ಮೇಜಿಗೆ ತಾಗುವ ಮೊದಲೇ ನಿಲ್ಲಿಸಿಬಿಡುತ್ತೇನೆ. ಅಲ್ಲಿ ಅವರು ಕೈ ಚಾಚಿಕೊಂಡೇ ಇರುತ್ತಾರೆ. ನಾನಿನ್ನೂ ಬಾಯಿ ತೆರೆದಿರುವುದಿಲ್ಲ.